ಅತ್ತೆಯ ಎರಡು ಬಕೆಟ್ ಬಿಸಿನೀರು

ಡಿಸೆಂಬರ್ ೯, ಮಂಗಳವಾರ

ಅತ್ತೆ ಇವತ್ತೂ ತಣ್ಣೀರಲ್ಲೇ ಸ್ನಾನ ಮಾಡಿದರು. "ಗೀಸರ್ ಹಾಕ್ಕೋಬಾರದಾ ಅತ್ತೆ?" ಎಂದೆ. "ತಣ್ಣೀರೇ ಹಿತ ಕಣೇ, ಮೈ ಗಟ್ಟಿಯಾಗುತ್ತೆ," ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು.

ಫ್ಲ್ಯಾಟ್ ಬಿಟ್ಟು ಈ ಮನೆಗೆ ಬಂದರೆ ತಿಂಗಳ ಮೇಂಟೆನೆನ್ಸ್ ಉಳಿಯುತ್ತದೆ ಎಂದು ಹಟ ಹಿಡಿದವಳು ನಾನು. ಅಲ್ಲಿ ಆ ದುಡ್ಡಿನಲ್ಲೇ ನಲ್ಲಿಗೆ ಬಿಸಿನೀರೂ ಬರುತ್ತಿತ್ತು ಎನ್ನುವುದು ತಲೆಗೆ ಹೊಳೆಯಲೇ ಇಲ್ಲ. ಇಲ್ಲಿ ಪಂಪಿಗೂ ಗೀಸರಿಗೂ ಕರೆಂಟು ನಮ್ಮದೇ. ಮೊದಲ ಬಿಲ್ಲು ಬಂದ ದಿನ ನಮ್ಮವರು, "ಉಳಿತಾಯ ಎಲ್ಲಿ ಕೂತಿದೆ, ಸ್ವಲ್ಪ ತೋರ್ಸು ಮಹಾತಾಯಿ," ಎಂದು ನಕ್ಕರು. ನನಗೆ ಮೈ ಉರಿದು, "ದಿನಾ ಎರಡೆರಡು ಬಕೆಟ್ ಬಿಸಿನೀರು ಸುರ್ಕೊಂಡ್ರೆ ಇನ್ನೇನಾಗುತ್ತೆ?" ಎಂದುಬಿಟ್ಟೆ. ಹೆಸರು ಹೇಳಲಿಲ್ಲ. ಆದರೆ ಎರಡು ಬಕೆಟ್ ಬೇಕಾಗುವುದು ಅತ್ತೆಯೊಬ್ಬರಿಗೇ, ಮಂಡಿನೋವಿಗೆ. ಅವರು ಪಕ್ಕದ ಕೋಣೆಯಲ್ಲೇ ಇದ್ದರು.

ಖರ್ಚು ಕಡಿಮೆ ಮಾಡುವಾಗ ದೇವರ ದೀಪದ ಎಣ್ಣೆಯನ್ನು ಮಾತ್ರ ಮುಟ್ಟಲಿಲ್ಲ, ಪಾಪ ಬರುತ್ತದೆಂದು. ಸಂಜೆ ದೀಪ ಹಚ್ಚುವಾಗ ಆ ಬೆಳಕಿಗೆ ಮುಖ ಕೊಡಲಾಗಲಿಲ್ಲ.

ತಪ್ಪಾಯಿತು ಎಂದರೆ ಅತ್ತೆ "ನೀನೇನೇ ಅಂದೆ?" ಎಂದು ತೇಲಿಸಿಬಿಡುತ್ತಾರೆ. ನಾಳೆ ಅವರು ಏಳುವ ಮೊದಲೇ ಗೀಸರ್ ಹಾಕಿ, ಎರಡು ಬಕೆಟ್ ತುಂಬಿಸಿಟ್ಟು, "ಮರೆತು ಹಾಕ್ಬಿಟ್ಟೆ ಅತ್ತೆ, ಆರಿಹೋದ್ರೆ ದಂಡ," ಎನ್ನುತ್ತೇನೆ. ದಂಡ ಮಾಡುವ ಜೀವವಲ್ಲ ಅದು, ಸ್ನಾನ ಮಾಡುತ್ತಾರೆ. ದೇವರೇ, ಈ ಸುಳ್ಳೊಂದನ್ನು ಲೆಕ್ಕಕ್ಕೆ ಹಿಡಿಯಬೇಡ. ನಾಡಿದ್ದು ಏನೆಂದು ಹೇಳುವುದೋ ಇನ್ನೂ ಹೊಳೆದಿಲ್ಲ, ಕಣ್ಣು ಎಳೆಯುತ್ತಿದೆ.