ಮಯ್ಯತ್ ಸ್ನಾನಕ್ಕೆ ಫೋಟೊ ಕೇಳಿದ ಹಾನರ್ಸ್ ಕಾಲೇಜು

ಮಾನ್ಯ ಕುಲಪತಿಗಳೇ,

ನಿಮ್ಮ ಹೊಸ ಹಾನರ್ಸ್ ಕಾಲೇಜು ನನ್ನ ಮಗಳ ಅರ್ಜಿಯನ್ನು ಅಪೂರ್ಣವೆಂದು ಹಿಂದಿರುಗಿಸಿದೆ. ಅಂಕ ಸಾಲದೆ ಅಲ್ಲ. ಸತ್ತ ಹೆಂಗಸರಿಗೆ ಸ್ನಾನ ಮಾಡಿಸಿದ್ದಕ್ಕೆ ಫೋಟೊ ಇಲ್ಲ, ಮೊಹರು ಹಾಕಿದ ಪತ್ರ ಇಲ್ಲ ಎಂಬ ಕಾರಣಕ್ಕೆ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ; ಸಿಟ್ಟು ಮಾಡುವಷ್ಟು ತ್ರಾಣ ಈಗ ಉಳಿದಿಲ್ಲ. ನಾನು ವಿಟ್ಲದ ಹತ್ತಿರದ ಹಳ್ಳಿಶಾಲೆಯಲ್ಲಿ ಏಳನೆಯವರೆಗೆ ಓದಿದವಳು, ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಬರೆಯಲು ಬಾರದು. ಅಷ್ಟು ಜನ ಬುದ್ಧಿವಂತರನ್ನು ಆರಿಸಿ ಒಂದೇ ಕಟ್ಟಡದಲ್ಲಿ ಇಟ್ಟಿದ್ದೀರಿ, ಇದನ್ನು ಓದಿ ಹೇಳಲು ಒಬ್ಬರಾದರೂ ಸಿಕ್ಕಾರು.

ಮಗಳು ಫರ್ಝಾನ ನಿಮ್ಮಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎರಡನೇ ವರ್ಷದಲ್ಲಿದ್ದಾಳೆ. ಕಳೆದ ವರ್ಷ ಅಲ್ಲಿನ ಒಬ್ಬ ಮೇಡಂ, ಆಸಕ್ತಿ ಇದ್ದ ಯಾವ ಮಕ್ಕಳು ಬಂದರೂ ತಮ್ಮ ಲ್ಯಾಬಿಗೆ ಸೇರಿಸಿಕೊಳ್ಳುತ್ತಿದ್ದರು. ಇಲ್ಲಿ ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಬಿಲ್ಡಿಂಗಿನದ್ದು, ಅಕ್ಕಪಕ್ಕದವುಗಳದ್ದು ಅಂತ ಟ್ಯಾಂಕಿಯ ನೀರನ್ನು ಬಾಟಲಿಗಳಲ್ಲಿ ತುಂಬಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಒಯ್ದು ಇವಳು ಪರೀಕ್ಷೆ ಮಾಡುತ್ತಿದ್ದಳು. ಕೆಲಸ ಅರ್ಧ ಆಗಿತ್ತು. ಈ ವರ್ಷ ಆ ಮೇಡಂ ಹಾನರ್ಸಿನವರಿಗೆ ಮಾತ್ರ. ಲ್ಯಾಬಿನ ಬಾಗಿಲಿಗೆ ಹೊಸ ಕಾರ್ಡು ಬಂದಿದೆ, ಇವಳ ಕಾರ್ಡಿಗೆ ಅದು ತೆರೆಯುವುದಿಲ್ಲ. ಇವಳ ಹೆಸರು ಬರೆದ ಬಾಟಲಿಗಳು ಒಳಗಿನ ಫ್ರಿಜ್ಜಿನಲ್ಲಿವೆ, ಇವಳು ಹೊರಗೆ.

ಉದ್ಘಾಟನೆಯ ದಿನ ಪೋಷಕರನ್ನೂ ಕರೆದಿದ್ದಿರಿ. ಶ್ರೇಷ್ಠರಿಗೆ ಶ್ರೇಷ್ಠವಾದದ್ದೇ ಸಿಗಬೇಕು ಎಂದು ತಾವು ಭಾಷಣದಲ್ಲಿ ಹೇಳಿದ್ದನ್ನು ಮಗಳು ನನಗೆ ಅರ್ಥ ಹೇಳಿದಳು. ನಮ್ಮ ಕಡೆಯ ಕೆಲವು ಮದುವೆಗಳಲ್ಲಿ ಪರದೆ ಕಟ್ಟಿದ ಒಂದು ಮೇಜು ಇರುತ್ತದೆ. ಹಂಡೆ ಒಂದೇ, ಬಿರಿಯಾನಿ ಒಂದೇ. ಆದರೆ ತುಂಡುಗಳೆಲ್ಲ ಮೊದಲು ಪರದೆಯ ಆಚೆಗೆ ಹೋಗುತ್ತವೆ; ಈಚೆಯವರಿಗೆ ಬರೀ ಅನ್ನ. ಪರದೆಯ ಹಿಂದಿನವರು ಚೆನ್ನಾಗಿ ಉಂಡರು ಎಂದು ಅಡುಗೆಯವನನ್ನು ಯಾರಾದರೂ ಹೊಗಳುತ್ತಾರೆಯೇ? ಒಳ್ಳೆಯ ಮೇಷ್ಟ್ರುಗಳನ್ನೆಲ್ಲ ಒಂದು ಬಾಗಿಲಿನೊಳಗೆ ಸೇರಿಸಿದರೆ ವಿಶ್ವವಿದ್ಯಾಲಯ ಬೆಳೆದ ಹಾಗಾಯಿತೇ? ಹೊರಗೆ ಉಳಿದ ಸಾವಿರಾರು ಮಕ್ಕಳು ಕಟ್ಟುವ ಫೀಸು ಮಾತ್ರ ಹಾನರ್ಸಿನವರಷ್ಟೇ ಏಕೆ?

ಇರಲಿ. ಫರ್ಝಾನ ಅರ್ಜಿ ಹಾಕಿದಳು. ಅದರಲ್ಲಿ ಸಮಾಜಸೇವೆ ಅಂತ ಒಂದು ಅಂಕಣ. ಎಷ್ಟು ಗಂಟೆ, ಪ್ರಮಾಣಪತ್ರ, ಫೋಟೊ. ಇವಳು ಇದ್ದದ್ದನ್ನು ಬರೆದಳು. ಸತ್ತವರನ್ನು ನಾವು ಮಯ್ಯತ್ ಎನ್ನುತ್ತೇವೆ. ಊರಿನ ಹೆಂಗಸರು ಯಾರಾದರೂ ಇಲ್ಲಿ ತೀರಿಕೊಂಡು, ಸ್ನಾನ ಮಾಡಿಸಲು ಮನೆಯ ಹೆಂಗಸರು ಸಾಲದಿದ್ದರೆ ನನ್ನನ್ನು ಕರೆಯುತ್ತಾರೆ. ಹದಿನೆಂಟು ತುಂಬಿದ ಮೇಲೆ ಇವಳೂ ಬರುತ್ತಿದ್ದಳು. ನಾನು ತೊಳೆಯುವುದು, ಇವಳು ನೀರು ಹೊಯ್ಯುವುದು. ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದು, ಮಾಡಿದ್ದನ್ನು ಹೇಳಿಕೊಂಡು ತಿರುಗಬಾರದು ಎಂದು ಕಲಿಸಿದವಳು ನಾನೇ.

ಸಂದರ್ಶನ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು: "ಫೋಟೊ ಇಲ್ವಾ ಅಂತ ಕೇಳಿದ್ರು ಉಮ್ಮ."

"ನೀನು ಎಂತ ಹೇಳಿದೆ?"

"ಮ್ಯಾಮ್, ಶೀ ವಾಸ್ ಡೆಡ್ ಅಂದೆ."

"ಅದಕ್ಕೆ?"

"ಮತ್ತೆ ಫ್ಯಾಮಿಲಿ ಒಟ್ಟಿಗೆ ಒಂದು ಗ್ರೂಪ್ ಫೋಟೊ ತೆಗೀಲಿಲ್ವಾ ಅಂದ್ರು."

ನಾವಿಬ್ಬರೂ ನಕ್ಕೆವು. ಆಮೇಲೆ ಅವಳು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಅತ್ತದ್ದು ನನಗೆ ಕೇಳಿಸಿತು. ಅವಳ ಗೆಳತಿ ಲವಿನಾಗೆ ಸೀಟು ಸಿಕ್ಕಿದೆ. ಆ ಮಗು ಮುಹೈಸ್ನಾದ ಲೇಬರ್ ಕ್ಯಾಂಪಿನ ಕಾರ್ಮಿಕರಿಗೆ ನೀರಿನ ಬಾಟಲಿ ಕೊಟ್ಟ ಫೋಟೊ ಇಟ್ಟಿತ್ತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಬಾಯಾರಿದವನಿಗೆ ನೀರು ನೀರೇ. ಆದರೆ ಕ್ಯಾಮೆರಾ ಇಲ್ಲದ ಕಡೆ ಮಾಡಿದ್ದು ಸೇವೆಯೇ ಅಲ್ಲ ಎಂಬ ಈ ಶಾಸ್ತ್ರವನ್ನು ತಾವು ಯಾವ ಕಿತಾಬಿನಲ್ಲಿ ಓದಿದಿರಿ?

ಮತ್ತೆ ನಾನೊಂದು ಕೆಲಸ ಮಾಡಿದೆ. ಅದನ್ನೂ ಹೇಳಿಬಿಡುತ್ತೇನೆ. ಅರ್ಜಿ ತಿದ್ದಲು ಹತ್ತು ದಿನ ಕೊಟ್ಟಿದ್ದಿರಿ. ಮುಸಫ್ಫಾದಲ್ಲಿ ಕಬ್ಬಿಣದ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯಾಗಿರುವ ಅಬ್ದುಲ್ ರವೂಫನಿಗೆ ಫೋನ್ ಮಾಡಿದೆ. ಕಳೆದ ವರ್ಷ ನಾವು ಸ್ನಾನ ಮಾಡಿಸಿದ ಮರಿಯಮ್ ಬೀವಿಯ ಮಗ ಅವನು.

"ಇಷ್ಟಕ್ಕೆ ಎಂತ ಸಂಕೋಚ ಮಾಮಿ? ಲೆಟರ್‌ಹೆಡ್ ಉಂಟು, ಸೀಲ್ ಉಂಟು, ನಾಳೆಯೇ ಕಳಿಸ್ತೇನೆ," ಎಂದ. ಆಮೇಲೆ ಕೇಳಿದ: "ಎಷ್ಟು ಗಂಟೆ ಅಂತ ಬರೀಬೇಕು ಮಾಮಿ? ನಾನು ಹೊರಗೆ ನಿಂತಿದ್ದೆ. ಗಡಿಯಾರ ನೋಡ್ಲಿಲ್ಲ."

"ಎರಡು ಅಂತ ಬರಿ ಮಗ," ಎಂದೆ. ಆ ಒಂದು ಮಾತು ಇಷ್ಟು ಭಾರ ಇದ್ದೀತೆಂದು ನನಗೆ ಗೊತ್ತಿರಲಿಲ್ಲ.

ಪತ್ರ ಬಂತು. ಮೇಲೆ ಕಬ್ಬಿಣದ ಪೈಪುಗಳ ಚಿತ್ರ, ಕೆಳಗೆ ನೀಲಿ ಮೊಹರು. ನಡುವೆ, ನನ್ನ ತಾಯಿಯ ಅಂತಿಮ ಸ್ನಾನದ ಕೆಲಸದಲ್ಲಿ ಕುಮಾರಿ ಫರ್ಝಾನ ಎರಡು ಗಂಟೆ ತೃಪ್ತಿಕರವಾಗಿ ಸೇವೆ ಸಲ್ಲಿಸಿರುತ್ತಾರೆ ಎಂದಿತ್ತು. ಮಗಳು ಓದಿದಳು.

"ಗಂಟೆ ಯಾರು ಹೇಳಿದ್ದು?"

"ನಾನೇ."

"ಇದನ್ನು ಅಟ್ಯಾಚ್ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಬಿಡು ಉಮ್ಮ, ಖಲಾಸ್."

ಹತ್ತನೇ ದಿನ ಮುಗಿಯಿತು. ಅದಾದ ವಾರಕ್ಕೆ ಒಂದು ಮನೆಯಿಂದ ನನಗೆ ಕರೆ ಬಂತು. ಕ್ಲಾಸು ಉಂಟು ಎಂದಳು ಫರ್ಝಾನ. ಮೊದಲೂ ಕ್ಲಾಸು ಇರುತ್ತಿತ್ತು, ಆದರೂ ಬರುತ್ತಿದ್ದಳು. ನಾನು ಒತ್ತಾಯಿಸಲಿಲ್ಲ. ಒಂದು ಕೈಯಲ್ಲಿ ನೀರು ಹೊಯ್ದುಕೊಂಡು ಇನ್ನೊಂದು ಕೈಯಲ್ಲಿ ತೊಳೆದು ಬಂದೆ. ಹರಕೆಯಂತೆ ಮಾಡುತ್ತಿದ್ದ ಕೆಲಸವೊಂದು ಈಗ ಅವಳಿಗೆ ಅರ್ಜಿಯ ಅಂಕಣವಾಗಿ ಕಾಣುತ್ತಿದೆಯೋ ಏನೋ. ಅದರಲ್ಲಿ ನಿಮ್ಮ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ನಮ್ಮನ್ನು ಸೃಷ್ಟಿಸಿದವನೇ ಹೇಳಬೇಕು.

ಹಾನರ್ಸ್ ಸೀಟು ನಮಗೆ ಬೇಡ, ಕೊಟ್ಟರೂ ಬೇಡ. ಆದರೆ ಶುರು ಮಾಡಿದ ಕೆಲಸ ಮುಗಿಸಲು ಫರ್ಝಾನಳನ್ನೂ, ಅವಳಂತೆ ಹೊರಗೆ ಉಳಿದ ಮಕ್ಕಳನ್ನೂ ಈ ಸೆಮಿಸ್ಟರ್ ಮುಗಿಯುವುದರೊಳಗೆ ಆ ಲ್ಯಾಬಿಗೆ ಬಿಡಿ. ಸೇವೆಗೆ ಫೋಟೊ ಕೇಳುವ ಅಂಕಣವನ್ನು ಮುಂದಿನ ವರ್ಷದ ಅರ್ಜಿಯಿಂದ ತೆಗೆಯಿರಿ. ತೆಗೆಯಲು ಆಗದಿದ್ದರೆ, ಯಾರಿಗೂ ಹೇಳದೆ ಒಳ್ಳೆಯದು ಮಾಡಿದವರು ಅರ್ಜಿ ಹಾಕಬೇಡಿ ಎಂದು ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಸಿರಿ. ಮೊಹರಿನ ಪತ್ರ ಕೇಳಲು ತಾಯಂದಿರು ಫೋನ್ ಎತ್ತುವ ಮೊದಲೇ ತಿಳಿಯಲಿ.

ಇಂತಿ,
ಮಯ್ಯತ್ ಸ್ನಾನಕ್ಕೆ ಗಂಟೆ ಎಣಿಸಿ ಕೊಟ್ಟ
ಜುಬೈದ, ಇಂಟರ್‌ನ್ಯಾಷನಲ್ ಸಿಟಿ, ದುಬೈ