ಜೊಂಡಿನೊಳಗಿಂದ ಬಂದ ಉತ್ತರ

ಮಾರ್ಚ್ ಹತ್ತು, ಮಂಗಳವಾರ
ಮಧ್ಯಾಹ್ನ, ಅಜ್ಜಿಯ ಚಾಪೆ ಕೋಣೆಯಿಂದ

ಅಮ್ಮಾ,

ಕ್ಷೇಮಸಮಾಚಾರ ಆಮೇಲೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದನ್ನೂ ಹಿಂದಿನ ಮೂರು ಕಾಗದಗಳ ಹಾಗೆ ಹರಿದು ಹಾಕುತ್ತೇನೆ. ಹದಿನಾಲ್ಕು ತಿಂಗಳಿಂದ ಸಾಂಸ್ಕೃತಿಕ ವಿನಿಮಯ ಕಚೇರಿಯವರು ನಿನಗೂ ಒಂದೊಂದು ಪ್ರತಿ ಕಳಿಸುತ್ತಿದ್ದಾರಲ್ಲ, ಅಜ್ಜಿ ಮಾತಾಡಿದ ರೆಕಾರ್ಡಿಂಗು, ಮೊದಲ ಎರಡು ಬಿಟ್ಟರೆ ಅದರಲ್ಲಿರುವುದು ಅಜ್ಜಿಯ ದನಿಯಲ್ಲ. ನನ್ನದು.

ಡ್ಯೂಟಿ ಮುಗಿಸಿ ಬಂದು ಅದನ್ನು ಕೇಳಿಕೊಂಡೇ ಮಲಗುತ್ತೇನೆ ಅಂತ ನೀನು ಫೋನಿನಲ್ಲಿ ಹೇಳಿದ್ದೆ. ವಾರ್ಡಿನ ನರ್ಸುಗಳಿಗೆಲ್ಲ ಕೇಳಿಸಿದೆ, ಒಬ್ಬಳು ಅತ್ತೇಬಿಟ್ಟಳು ಅಂದೆ. ನಾನು "ಹೂಂ" ಅಂದು ಫೋನಿಟ್ಟೆ. 

ಲಕ್ವ ಹೊಡೆದ ಮೇಲೆ ಅಜ್ಜಿಗೆ ಮಾತು ಹೋಗಿದ್ದು ನಿನಗೆ ಗೊತ್ತು. ಮುಂಚೆಯೇ ಮಾಡಿಟ್ಟ ರೆಕಾರ್ಡಿಂಗ್ ರಾಶಿ ಇದೆ, ತಿಂಗಳಿಗೊಂದು ಕಳಿಸುತ್ತಿದ್ದೇವೆ ಎಂದು ನಿನ್ನನ್ನೂ ಕಚೇರಿಯವರನ್ನೂ ನಾನು ನಂಬಿಸಿದ್ದೆ. ರಾಶಿ ಎಲ್ಲಿಂದ ಬರಬೇಕು? ಇದ್ದದ್ದು ಎರಡೇ. ಜೊಂಡು ಒಣಗಿಸುವುದು ಹೇಗೆ ಅಂತ ಒಂದು, ಚಾಪೆಯ ಅಂಚು ಮಡಚುವುದು ಹೇಗೆ ಅಂತ ಇನ್ನೊಂದು. ಮೂರನೆಯದರಲ್ಲಿ ಜೊಂಡು ಕುಯ್ಯುವುದನ್ನು ಹೇಳಬೇಕಿತ್ತು. ಅದಕ್ಕೆ ಎರಡು ದಿನ ಮುಂಚೆ ಅಜ್ಜಿ ಬಿದ್ದಳು.

ಕಚೇರಿಯ ಮೇಡಂ ಮೊದಲ ಸಲ ಮನೆಗೆ ಬಂದಾಗ ನೀನೂ ಇದ್ದೆ. ನಮ್ಮ ಕೆರೆ, ಸಮುದ್ರದಾಚೆ ಇನ್ನೊಂದು ದೇಶದ ಕೆರೆ, ಎರಡನ್ನೂ ಜೋಡಿ ಮಾಡಿದ್ದಾರೆ ಅಂದರು. ಅಲ್ಲಿಯವರೂ ಚಾಪೆ ನೇಯುವವರೇ, ಆದರೆ ಮನಸ್ಸಿಗೆ ಬಂದಂತೆ ಜೊಂಡು ಕುಯ್ದು ಕೆರೆಯನ್ನೇ ಒಣಗಿಸಿಕೊಂಡಿದ್ದಾರೆ, ನಿಮ್ಮ ಅಜ್ಜಿಯ ತಿಳಿವಳಿಕೆ ಅಲ್ಲಿಗೆ ಹೋದರೆ ಆ ಕೆರೆ ಉಳಿಯುತ್ತದೆ ಅಂದರು. ಕೈಗಿಟ್ಟ ಕರಪತ್ರದಲ್ಲಿ "ಸಂಸ್ಕೃತಿಗಳ ಸೇತುವೆ, ಸುಸ್ಥಿರ ನಾಳೆ" ಅಂತ ಇತ್ತು. ಅಜ್ಜಿ ಅದರ ಮೇಲೆ ಟೀ ಲೋಟ ಇಟ್ಟು, "ಸೇತುವೆ ಕಟ್ತಾರಂತೆ, ನಮ್ಮ ಮನೆ ಮುಂದಿನ ಮೋರಿ ಮೊದಲು ಮುಚ್ಚಲಿ" ಅಂದಿದ್ದಳು. ನೀನು ನಕ್ಕಿದ್ದೆ. ನನಗೆ ರೆಕಾರ್ಡರು ಹಿಡಿಯುವ ಕೆಲಸ ಸಿಕ್ಕಿತು. ಒಂಬತ್ತನೇ ಕ್ಲಾಸಿಗೇ ಸ್ಕೂಲು ತಪ್ಪಿ ಬೀದಿ ಅಳೆಯುತ್ತಿದ್ದವಳಿಗೆ ಕೊರಳಿಗೊಂದು ಗುರುತಿನ ಚೀಟಿ.

ರೆಕಾರ್ಡಿಂಗು ನಿಂತರೆ ಆ ಕೆಲಸವೂ ಹೋಗುತ್ತಿತ್ತು. ಸ್ಕೂಲಿನಿಂದ ನನ್ನನ್ನು ಓಡಿಸಿದ್ದೇ ಹೆಡ್‌ಮಿಸ್ ದನಿಯಲ್ಲಿ ಮೈಕಿನಲ್ಲಿ ರಜೆ ಘೋಷಿಸಿದ್ದಕ್ಕೆ. ಅಜ್ಜಿಯ ದನಿ ಅದಕ್ಕಿಂತ ಸುಲಭ. ಹೊಟ್ಟೆಯಿಂದ ಎಳೆದು, ಹಲ್ಲಿಲ್ಲದ ಕಡೆ ಗಾಳಿ ಬಿಟ್ಟರೆ ಆಯಿತು. ಒಂದು ಮಾತ್ರ ಬರಲಿಲ್ಲ. ಅಜ್ಜಿ ಮಾತು ಶುರು ಮಾಡುವ ಮುಂಚೆ ಮೂಗಿನಲ್ಲಿ ಸಣ್ಣದಾಗಿ ಉಸಿರೆಳೆಯುತ್ತಿದ್ದಳಲ್ಲ, ಅದು. ಅದರ ಬದಲಿಗೆ ನಾನು ನಾಲಿಗೆ ಲೊಚಗುಟ್ಟುತ್ತಿದ್ದೆ, ಹಲ್ಲಿಯ ಹಾಗೆ. ನೀನು ಕೂಡ ಗಮನಿಸಲಿಲ್ಲ.

ಹಾಡುಹಗಲೇ ರೆಕಾರ್ಡ್ ಮಾಡುತ್ತಿದ್ದೆ, ಇದೇ ಕೋಣೆಯಲ್ಲಿ. ಎದುರಿಗೆ ಅಜ್ಜಿ ಕೂತು ನೇಯುತ್ತಿದ್ದಳು. ಮೊದಲ ದಿನ ನಾನು ಅವಳ ದನಿಯಲ್ಲಿ "ಕೇಳಿ ಮಕ್ಕಳೇ" ಅಂದಾಗ ಅವಳ ಕೈ ನಿಂತಿತು. ತಲೆಯೆತ್ತಿ ನನ್ನ ಬಾಯನ್ನು ನೋಡಿದಳು, ಮುಖವನ್ನಲ್ಲ. ತನ್ನ ಸಾಮಾನು ಬೇರೆಯವರ ಮನೆಯಲ್ಲಿ ಕಂಡವರು ನೋಡುತ್ತಾರಲ್ಲ, ಹಾಗೆ. ಆಮೇಲೆ ಮತ್ತೆ ನೇಯ್ದಳು.

ಜೊಂಡು ಕುಯ್ಯುವುದು ನನಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಕುಡುಗೋಲು ಕೊಡು ಅಂತ ಕೇಳಿದಾಗಲೆಲ್ಲ ಅಜ್ಜಿ "ಇವತ್ತು ಬೇಡ ಮಗಾ" ಅನ್ನುತ್ತಿದ್ದಳು. ಕೇಳಿ ಕೇಳಿ ಬಿಟ್ಟೆ. ಕುಯ್ಲಿನ ದಿನಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೇರೆ ಊರುಗಳ ಬೋರ್ಡು ಓದುತ್ತಿದ್ದೆ. ಹಾಗಾಗಿ ಮೂರನೆಯ ರೆಕಾರ್ಡಿಂಗಿಗೆ ಕಥೆ ಕಟ್ಟಿದೆ: ನೀರಿನ ಅಂಚಿನಲ್ಲಿ ನಿಂತು "ಕುಯ್ಯಲಾ?" ಅಂತ ಮೂರು ಸಲ ಕೂಗಿ, ಒಳಗಿಂದ ಉತ್ತರ ಬಂದರೆ ಆ ಜೊಂಡನ್ನು ಮುಟ್ಟಬೇಡಿ, ಹಾಗೇ ಬಿಡಿ. ಉತ್ತರ ಬರುವುದಿಲ್ಲವಲ್ಲ, ಯಾರಿಗೂ ತೊಂದರೆಯಿಲ್ಲ ಅಂದುಕೊಂಡೇ ಸೇರಿಸಿದ್ದು. ಕೇಳುವುದಕ್ಕೆ ಹಳೆಯ ಕಾಲದ್ದರಂತೆ ಚೆನ್ನಾಗಿತ್ತು. ಮೇಡಂ ಅಂತೂ "ಎಂಥ ವಿವೇಕ!" ಅಂತ ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದರು.

ಆ ಕೆರೆ ತುಂಬತೊಡಗಿತು. ಹಕ್ಕಿ ಬಂದವು. ಎರಡು ದೇಶದ ದೊಡ್ಡವರು ಕೈಕುಲುಕುವ ಫೋಟೋ ಬಂತು, ಹಿಂದೆ ಆಳೆತ್ತರದ ಜೊಂಡು. ಚಾಪೆಗಳು ಮಾತ್ರ ಬರಲಿಲ್ಲ. ತಿಂಗಳಿಗೊಂದು ಚಾಪೆ ಅಲ್ಲಿಂದ ಇಲ್ಲಿಗೆ, ಒಂದು ಇಲ್ಲಿಂದ ಅಲ್ಲಿಗೆ ಅಂತ ಒಪ್ಪಂದ. ಅವರದು ಮೊದಲು ಕಿರಿದಾಯಿತು, ಆಮೇಲೆ ಹಳೆಯ ಜೊಂಡಿನದು ಬಂತು, ಆಮೇಲೆ ನಿಂತಿತು.

ಕಳೆದ ತಿಂಗಳು ಚಾಪೆಯ ಬದಲು ಒಂದು ಕಾಗದ ಬಂತು. ಅಲ್ಲಿನ ಹಿರಿಯ ನೇಕಾರ್ತಿ ಬರೆಸಿದ್ದು, ಕಚೇರಿಯ ಅನುವಾದಕ ನಮ್ಮ ಭಾಷೆಗೆ ತಂದಿದ್ದ. ನಿಮ್ಮ ಅಜ್ಜಿಯ ಮಾತು ಸುಳ್ಳಾಗಲಿಲ್ಲ, ಕೂಗಿದಾಗಲೆಲ್ಲ ಉತ್ತರ ಬರುತ್ತದೆ, ಎಲ್ಲಿ ನಿಂತು ಕೂಗಿದರೂ ಬರುತ್ತದೆ, ಅದಕ್ಕೇ ಒಂದು ವರ್ಷದಿಂದ ಒಂದು ಕಡ್ಡಿಯನ್ನೂ ಕುಯ್ದಿಲ್ಲ ಎಂದಿದ್ದಳು. ಸೊಸೆಯಂದಿರು ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗೆ ಹೋಗುತ್ತಿದ್ದಾರಂತೆ. ಮಕ್ಕಳನ್ನು ಕೆರೆಯ ಕಡೆ ಬಿಡುತ್ತಿಲ್ಲವಂತೆ. ಕೊನೆಗೆ, ಕುಯ್ಯಲು ಯಾವಾಗ ಅಪ್ಪಣೆ ಕೊಡುತ್ತಾರೆ ಅಂತ ಅಜ್ಜಿಯನ್ನು ಕೇಳಿ ಹೇಳಿ ಎಂದಿತ್ತು.

ಜೊತೆಗೆ ಅವರು ಕೆರೆಯ ಬಳಿ ರೆಕಾರ್ಡ್ ಮಾಡಿದ್ದನ್ನೂ ಕಳಿಸಿದ್ದರು. ಇಲ್ಲಿ ಹೊರಗೆ ಬಿಸಿಲು ಸುರಿಯುತ್ತಿತ್ತು, ಬೀದಿಯಲ್ಲಿ ಯಾರೋ ಸೈಕಲ್ ರಿಪೇರಿ ಮಾಡುತ್ತಿದ್ದರು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನೀರು. ಗಾಳಿ. ಒಬ್ಬ ಹೆಂಗಸು ತನ್ನ ಭಾಷೆಯಲ್ಲಿ ಮೂರು ಸಲ ಕೂಗಿದಳು. ಗಾಳಿ ನಿಂತಿತು. ಆಮೇಲೆ ದೂರದಿಂದ, ಜೊಂಡಿನೊಳಗಿಂದ, ನಮ್ಮ ಭಾಷೆಯಲ್ಲಿ, ಅಜ್ಜಿಯ ದನಿಯಲ್ಲಿ:

"ಇವತ್ತು ಬೇಡ ಮಗಾ."

ಅಮ್ಮಾ, ಆ ಮಾತನ್ನು ನಾನು ಯಾವ ರೆಕಾರ್ಡಿಂಗಿನಲ್ಲೂ ಹೇಳಿಲ್ಲ. ಹದಿನಾಲ್ಕನ್ನೂ ಎರಡೆರಡು ಸಲ ಕೇಳಿ ನೋಡಿದೆ. ಅಲ್ಲಿಯವರಿಗೆ ಅದರ ಅರ್ಥವೂ ಗೊತ್ತಿಲ್ಲ. ಬರೀ ದನಿ ಕೇಳಿ ಹಿಂದೆ ಸರಿಯುತ್ತಿದ್ದಾರೆ.

ಮಾರನೆಯ ದಿನವೇ ಕಚೇರಿಗೆ ಹೋಗಿ ಮೇಡಂಗೆ ಎಲ್ಲ ಹೇಳಿಬಿಟ್ಟೆ. ಅವರು ಬಾಗಿಲು ಹಾಕಿದರು. ರೆಕಾರ್ಡಿಂಗು ಕೇಳಿಸಿದೆ. "ಹಕ್ಕಿ ಕಣಮ್ಮ ಅದು. ನೀರುಹಕ್ಕಿಗಳು ಏನೇನೋ ಕೂಗ್ತವೆ" ಅಂದರು. ಹಕ್ಕಿ ನನ್ನನ್ನು ಮಗಾ ಅಂತ ಯಾಕೆ ಕರೆಯುತ್ತೆ ಮೇಡಂ ಅಂತ ಕೇಳಿದೆ. ಅವರ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಬಿತ್ತು, ಎತ್ತಿಕೊಳ್ಳಲಿಲ್ಲ. "ನೋಡು, ಕೆರೆ ತುಂಬಿದೆ. ನಿಜವೋ ಸುಳ್ಳೋ, ಒಳ್ಳೇದೇ ಆಯ್ತಲ್ಲ? ಇನ್ನೇನು ಬೇಕು ನಿಂಗೆ? ಇದು ಹೊರಗೆ ಬಂದ್ರೆ ನಾಳೆಯಿಂದ ಯಾವ ದೇಶದವರೂ ಯಾರ ಅಜ್ಜಿ ಮಾತನ್ನೂ ನಂಬಲ್ಲ" ಅಂದರು. ಕೆಟ್ಟವರಲ್ಲ ಅವರು. ಆ ಕೊನೆಯ ಮಾತು ಸುಳ್ಳೂ ಅಲ್ಲ. ಬರುವ ವಾರ ಆ ಕೆರೆಯ ದಡದಲ್ಲಿ ಸಮಾರಂಭವಂತೆ. ಅಜ್ಜಿಯ ಬದಲು ನಾನು ಹೋಗಿ, ಅವರು ಬರೆದುಕೊಟ್ಟ ಎರಡು ಪುಟ ಓದಬೇಕಂತೆ. "ಓದಿ ಕೆಳಗಿಳಿ, ಅಷ್ಟೇ" ಅಂದರು.

ಮನೆಗೆ ಬಂದು ಹೆಡ್‌ಫೋನನ್ನು ಅಜ್ಜಿಯ ಕಿವಿಗೆ ಹಾಕಿದೆ. ಅವಳು ಪೂರ್ತಿ ಕೇಳಿದಳು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಎದ್ದು, ಸೊಟ್ಟ ಕಾಲು ಎಳೆಯುತ್ತಾ ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದಳು. ನನ್ನ ಮಣಿಕಟ್ಟು ಹಿಡಿದು ಕೆರೆಗೆ ನಡೆಸಿಕೊಂಡು ಹೋದಳು. ಹಾದಿಯಲ್ಲಿ ಪಕ್ಕದ ಮನೆ ದರ್ಜಿ, "ಏನಜ್ಜಿ, ಮೊಮ್ಮಗಳನ್ನ ಕುಯ್ಯೋಕೆ ಹೊರಟ್ಯಾ?" ಅಂತ ನಕ್ಕ. ಅವಳು ತಿರುಗಿಯೂ ನೋಡಲಿಲ್ಲ.

ಅಲ್ಲಿ ಅವಳು ನನಗೆ ಕಲಿಸಿದಳು, ನನ್ನ ಹತ್ತೊಂಬತ್ತನೇ ವರ್ಷಕ್ಕೆ ಮೊದಲ ಸಲ. ಮೂರು ಸಾಲು ಕುಯ್ದು ಒಂದು ಸಾಲು ಬಿಡುವುದು. ನೀರಿನಿಂದ ಒಂದು ಗೇಣು ಮೇಲೆ ಕುಯ್ಯುವುದು. ಆಮೇಲೆ, ದಡದ ಮೂಲೆಯಲ್ಲಿ ಎಷ್ಟೋ ವರ್ಷದಿಂದ ಯಾರೂ ಕುಯ್ಯದ ಒಂದು ತುಂಡಿನೊಳಕ್ಕೆ ಕೈಯಿಳಿಸಿ ಕಪ್ಪು ಕೆಸರು ಎತ್ತಿ ತೋರಿಸಿದಳು. ಕುಯ್ಯದ ಜೊಂಡು ಬಿದ್ದು ಕೊಳೆತು ಅಲ್ಲಿ ತಳ ಮೇಲೆದ್ದಿತ್ತು, ನೀರು ಪಾದಕ್ಕೂ ಸಾಲುತ್ತಿರಲಿಲ್ಲ. ಅರ್ಥವಾಯಿತು. ನನ್ನ ಸುಳ್ಳಿನಿಂದ ಆ ಕೆರೆ ಈಗ ತುಂಬಿದೆ, ಅದೇ ಸುಳ್ಳಿನಿಂದ ಇನ್ನು ಕೆಲವು ವರ್ಷಕ್ಕೆ ಹೂತುಹೋಗುತ್ತದೆ. ಅಷ್ಟರಲ್ಲಿ ಅಲ್ಲಿ ಕುಡುಗೋಲು ಹಿಡಿಯುವ ಕೈಯೂ ಉಳಿದಿರುವುದಿಲ್ಲ. ಕಚೇರಿಯ ವರದಿ ಎರಡೇ ವರ್ಷದ್ದು, ಅದರಲ್ಲಿ ಇದು ಕಾಣುವುದಿಲ್ಲ.

ವಾಪಸು ಬರುವಾಗ ಅಜ್ಜಿ ನಿಂತು, ಕೆಸರಾದ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ತುಂಬ ಹೊತ್ತು. ಬೈದಳೋ, ಕೇಳಿಕೊಂಡಳೋ, ಗೊತ್ತಾಗಲಿಲ್ಲ.

ಆ ಎರಡು ಪುಟ ನಾನು ಓದುವುದಿಲ್ಲ. ಯಾರಂತೆಯೂ ಅಲ್ಲದೆ ನನ್ನ ದನಿಯಲ್ಲೇ, ನಾನೇ ಕಟ್ಟಿದ ಸುಳ್ಳು ಅದು ಅಂತ ಹೇಳಿ, ಕೆರೆಗಿಳಿದು ಮೂರು ಸಾಲು ಕುಯ್ದು ತೋರಿಸುತ್ತೇನೆ. ಉತ್ತರ ಬಂದರೂ ಕುಯ್ಯುತ್ತೇನೆ. ಯೋಜನೆ ನಿಲ್ಲಬಹುದು, ಮೇಡಂ ಕೆಲಸಕ್ಕೂ ಕುತ್ತು ಬರಬಹುದು. ಆ ನೇಕಾರ್ತಿ ನನ್ನ ಮುಖಕ್ಕೆ ಉಗಿಯಬಹುದು, ಉಗಿಯಲಿ. ಬೇರೆಯವರ ಬಾಯಿಂದ ಕೇಳುವ ಮುಂಚೆ ನಿನಗೆ ನಾನೇ ಹೇಳಬೇಕಿತ್ತು. ಆ ರೆಕಾರ್ಡಿಂಗುಗಳನ್ನು ಇನ್ನು ಕೇಳಬೇಡಮ್ಮಾ. ಮೊದಲ ಎರಡನ್ನು ಮಾತ್ರ ಇಟ್ಟುಕೋ, ಅವು ಅಜ್ಜಿಯವೇ.

ಚಿಕ್ಕಮ್ಮ ಬಂದಿದ್ದಾಳೆ, ಅಜ್ಜಿಯ ಊಟ, ಮಾತ್ರೆ ಎಲ್ಲ ಒಪ್ಪಿಸಿದ್ದೇನೆ.

ಬೈಯಬೇಕು ಅನಿಸಿದರೆ ನಾನು ಬಂದ ಮೇಲೆ ಬೈ, ಎದುರಿಗೇ.

ನಿನ್ನ
ಗಿಣಿ

ಮರೆತಿದ್ದು: ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ಅಲ್ಲಿಂದ ಬಂದ ರೆಕಾರ್ಡಿಂಗನ್ನು ನಿನ್ನೆ ದನಿ ಹೆಚ್ಚಿಸಿ ಮತ್ತೆ ಕೇಳಿದೆ. "ಇವತ್ತು ಬೇಡ ಮಗಾ" ಅನ್ನುವ ಮುಂಚೆ ಮೂಗಿನ ಉಸಿರಿಲ್ಲ. ನಾಲಿಗೆ ಲೊಚಗುಟ್ಟಿದ ಸದ್ದಿದೆ. ಅಲ್ಲಿ ಉತ್ತರ ಕೊಡುತ್ತಿರುವುದು ಅಜ್ಜಿಯಲ್ಲ, ನಾನು ಮಾಡಿದ ಅಜ್ಜಿ. ಇವತ್ತು ಬೆಳಿಗ್ಗೆ ಅಜ್ಜಿಯನ್ನು ಕರೆದುಕೊಂಡು ನಮ್ಮ ಕೆರೆಗೆ ಹೋಗಿ ನನ್ನ ದನಿಯಲ್ಲೇ ಮೂರು ಸಲ ಕೂಗಿ ನೋಡಿದೆ. ಜೊಂಡಿನೊಳಗಿಂದ ಏನೂ ಬರಲಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದ ಅಜ್ಜಿ, ನೀರು ನೋಡುತ್ತಲೇ, ಒಂದು ಸಲ ನಾಲಿಗೆ ಲೊಚಗುಟ್ಟಿದಳು, ಹಿಂದೆಂದೂ ಹಾಗೆ ಮಾಡದವಳು. ಅವಳ ಕುಡುಗೋಲನ್ನು ಬಟ್ಟೆ ಸುತ್ತಿ ಚೀಲದ ತಳಕ್ಕೆ ಇಟ್ಟಿದ್ದೇನೆ. ವಿಮಾನ ಹಿಡಿಯಲು ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.