ಅಂತರಸಂತೆಯಿಂದ ಹೋಗದ ಅರ್ಜಿ

೧೩ ಫೆಬ್ರವರಿ ೨೦೦೯, ಶುಕ್ರವಾರ. ಹುಣಸೂರು. ಬೆಳಿಗ್ಗೆ ೬-೧೦

ಸಮಸ್ತ ಮನುಕುಲಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಸೂರ್ಯ ಪೂರ್ತಿ ಏಳುವ ಮೊದಲೇ ನಮ್ಮ ವ್ಯಾನಿನ ಅನ್ನ ಬಸಿಯುವ ತೂತಿನ ಪಾತ್ರೆಗೆ ಬಡ್ತಿ ಸಿಕ್ಕಿತು. ಅಡುಗೆ ಇಲಾಖೆಯಿಂದ ನೇರ ಆಕಾಶಕ್ಕೆ. ಹದಿನೈದು ಅಡಿ ಬಿದಿರು ಗಳದ ತುದಿಗೆ ಅದನ್ನು ಕಟ್ಟಿ, ಅದರ ಹೊಟ್ಟೆಯಲ್ಲಿ ಡೇಟಾ ಕಾರ್ಡ್ ಕೂರಿಸಿ, ಉದ್ದನೆ ವೈರನ್ನು ಕಿಟಕಿಯಿಂದ ಎಳೆದು ಲ್ಯಾಪ್‌ಟಾಪಿಗೆ ಚುಚ್ಚಿದೆವು. ಒಂದು ಕಡ್ಡಿ ಇದ್ದ ಸಿಗ್ನಲ್ ಮೂರು ಕಡ್ಡಿ ಆಯಿತು.

ಪರಿಣಾಮ: ಅನ್ನ ಮಾಡಬೇಕಾದರೆ ಇಂಟರ್ನೆಟ್ ಇಳಿಸಬೇಕು. ಇಂಟರ್ನೆಟ್ ಬೇಕಾದರೆ ಮುದ್ದೆ ತಿನ್ನಬೇಕು. ನಂಜಣ್ಣನಿಗೆ ಸಂತೋಷ. ಡ್ರೈವರೂ ಅವನೇ, ಅಡುಗೆಯವನೂ ಅವನೇ, ನನ್ನ ಅಂಕಣದ ವಿಮರ್ಶಕನೂ ಅವನೇ.

ಎರಡು ತಿಂಗಳು ಈ ವ್ಯಾನಿನಲ್ಲೇ ಮನೆ, ಇದರಲ್ಲೇ ಕಚೇರಿ. ಹುಣಸೂರು, ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರ ಸುತ್ತುವುದು. ಪ್ರತಿ ಮಂಗಳವಾರ ಮೈಸೂರಿನ ಪತ್ರಿಕೆಗೆ ನಗೆ ಅಂಕಣ ಕಳಿಸುವುದು. ಹೆಂಡತಿ ಬೃಂದಾ ಬರಲಿಲ್ಲ. ಮನೆಯಲ್ಲಿ ಬಲ್ಬು ಹಾಕಲು ಬಾರದವನು ಕಾಡಂಚಿಗೆ ಇಂಟರ್ನೆಟ್ ಒಯ್ಯುತ್ತಾನೆ ಎಂದು ನೆರೆಮನೆಯವರಿಗೆ ಹೇಳಿ ನಗುತ್ತಿದ್ದಳಂತೆ.

೧೫ ಫೆಬ್ರವರಿ, ಭಾನುವಾರ. ಅಂತರಸಂತೆ

ವ್ಯಾನು ಹಿಂದಿನ ಜನ್ಮದಲ್ಲಿ ಆಂಬುಲೆನ್ಸ್. ಬಣ್ಣ ಬಳಿದರೂ ಮುಖ ಹೋಗಿಲ್ಲ. ಪಂಚಾಯ್ತಿ ಆಫೀಸಿನ ಪಕ್ಕ ಹೊಂಗೆ ಮರದಡಿ ನಿಲ್ಲಿಸಿದ ಕೂಡಲೇ ಯಾರಿಗೆ ಏನಾಯಿತೆಂದು ಕೇಳಿಕೊಂಡು ಹತ್ತು ಜನ ಬಂದರು. ಯಾರಿಗೂ ಏನೂ ಆಗಿಲ್ಲ ಎಂದಾಗ ಇಬ್ಬರಿಗೆ ಸ್ವಲ್ಪ ಬೇಜಾರು.

ಕರೆಂಟು ಪಂಚಾಯ್ತಿಯಿಂದ. ನೀರು ಬೋರ್‌ವೆಲ್ ನಲ್ಲಿಯಿಂದ, ಬೆಳಿಗ್ಗೆ ಆರರಿಂದ ಏಳು. ಸ್ನಾನ ವ್ಯಾನಿನ ಹಿಂದೆ, ಟವೆಲ್ ಮರೆಯಲ್ಲಿ. ಉಳಿದದ್ದಕ್ಕೆ ಶಾಲೆಯ ಶೌಚಾಲಯ, ಬೀಗದ ಕೈ ಟೀ ಅಂಗಡಿಯಲ್ಲಿ. ಕೇಳುವಾಗ ಎಲ್ಲರೂ ತಿರುಗಿ ನೋಡುತ್ತಾರೆ.

ಸಂಜೆ ಮಾದೇಶ ಎಂಬಾತ ಬಂದ. ಹನ್ನೆರಡು ವರ್ಷದಿಂದ ಕಾಡಿನಲ್ಲಿ ದಿನಗೂಲಿ ವಾಚರ್. ಕಾಳ್ಗಿಚ್ಚು ಹಬ್ಬದಂತೆ ಬೆಂಕಿ ರೇಖೆ ಸವರುವುದು, ಹೊಲಕ್ಕೆ ಬಂದ ಆನೆ ಅಟ್ಟುವುದು. ಅರಣ್ಯ ಇಲಾಖೆಯಲ್ಲಿ ಕಾಯಂ ಗಾರ್ಡ್ ಕೆಲಸಕ್ಕೆ ಕರೆದಿದ್ದಾರೆ. ಅರ್ಜಿ ಈ ಸಲ ಇಂಟರ್ನೆಟ್ಟಿನಲ್ಲೇ ಹಾಕಬೇಕು. ಮಂಗಳವಾರ ಸಂಜೆ ಐದಕ್ಕೆ ಕೊನೆ. ಜೂನ್ ಬಂದರೆ ಅವನಿಗೆ ವಯಸ್ಸು ಮೀರುತ್ತದೆ. ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ನಾಳೆ ಬಸ್ಸು ಹಿಡಿದು ಕೋಟೆಯ ಸೈಬರ್ ಸೆಂಟರಿಗೆ ಹೋಗುವವನು, ಅಲ್ಲಿ ಹೇಗೆ ಏನು ಎಂದು ಕೇಳಲು ಬಂದಿದ್ದ.

ಇಷ್ಟು ದೊಡ್ಡ ಪಾತ್ರೆ ಆಕಾಶದಲ್ಲಿರುವಾಗ ಕೋಟೆಗೆ ಯಾಕಪ್ಪ ಅಂದೆ.

೧೬ ಫೆಬ್ರವರಿ, ಸೋಮವಾರ

ಅರ್ಜಿ ತುಂಬಿ ಆಯಿತು. ಫೋಟೊಗೆ ಹಿಂದೆ ಬಿಳಿ ಬೇಕಂತೆ. ನನ್ನ ಮಂಚದ ಬೆಡ್‌ಶೀಟ್ ಹಿಡಿದೆವು. ಮಾದೇಶನ ಹೆಂಡತಿ ಸಣ್ಣತಾಯಮ್ಮ ಓಡಿ ಬಂದು ಅವನ ತಲೆ ಬಾಚಿದರು. ಅವನು ನಗದೆ ನಿಂತ. ನಕ್ಕರೆ ರಿಜೆಕ್ಟ್ ಆಗುತ್ತದೆಂದು ಯಾರೋ ಹೇಳಿದ್ದರಂತೆ. ಗಾರ್ಡ್ ಕೆಲಸಕ್ಕೆ ಮುಂದೆ ಇಡುವ ಓಟದ ಪರೀಕ್ಷೆ ಕಷ್ಟವಾ ಅಂತ ಕೇಳಿದೆ. ಆಕೆಯೇ ಉತ್ತರ ಕೊಟ್ಟರು.

"ಆನೆ ಮುಂದೆ ಓಡಿರೋ ಕಾಲು ಸಾ ಅದು. ಆಪೀಸರ್ ಮುಂದೆ ಓಡಕ್ಕೇನು."

ಬಾಕಿ ಇರುವುದು ಕೊನೆಯ ಗುಂಡಿ ಒತ್ತುವುದೊಂದೇ. ಒತ್ತುವವನಿದ್ದೆ. ಅಷ್ಟರಲ್ಲಿ ಪಂಚಾಯ್ತಿ ಮೆಂಬರ್ ಬೆಟ್ಟಸ್ವಾಮಿ ಬಂದು ಕೈ ಹಿಡಿದರು. ಊರಿನಿಂದ ಮೊದಲನೇ ಅರ್ಜಿ ಗಾಳಿಯಲ್ಲಿ ಹೋಗುವುದು, ಸುಮ್ಮನೆ ಕಳಿಸಿದರೆ ಹೇಗೆ? ನಾಳೆ ಎರಡು ಗಂಟೆಗೆ ಊರವರ ಎದುರು, ಕಾಯಿ ಒಡೆದು, ಹಾರ ಹಾಕಿ. ಹಾರ ಯಾರಿಗೆ ಎಂದೆ. ನಿಮಗೇ ಅಂದರು.

ಒಪ್ಪಿದೆ. ಹಾರ ಎಂಬ ಪದ ಕೇಳಿದ ಮೇಲೆ ಒಪ್ಪಿದ್ದು ಎಂದು ಇಲ್ಲಿಯಾದರೂ ಬರೆದಿಡುತ್ತೇನೆ.

೧೭ ಫೆಬ್ರವರಿ, ಮಂಗಳವಾರ. ಸಂಜೆ ೭

ಕಾರ್ಯಕ್ರಮ ಚೆನ್ನಾಗಿ ನಡೆಯಿತು. ಹಾರ, ಹಣ್ಣು, ಫೋಟೊ. ನೂರು ಜನವಾದರೂ ಇದ್ದರು. ಸಣ್ಣತಾಯಮ್ಮ ಕಜ್ಜಾಯ ಕೊಟ್ಟರು. ನಾನು ನಾಲ್ಕು ತಿಂದೆ. ನಂಜಣ್ಣ ಮುಟ್ಟಲಿಲ್ಲ.

ತಲೆನೋವು. ನಾಳೆ ಬರೆದರಾಯಿತು.

೧೯ ಫೆಬ್ರವರಿ, ಗುರುವಾರ. ಹಾರನಹಳ್ಳಿ

ಬರೆದೇ ಬಿಡೋಣ. ಇಲ್ಲಿಯೂ ಸುಳ್ಳು ಹೇಳಿದರೆ ಪುಸ್ತಕಕ್ಕೆ ಕೊಟ್ಟ ಕಾಸೂ ದಂಡ.

ಮಂಗಳವಾರ ಬೆಳಿಗ್ಗೆ ಸಿಗ್ನಲ್ ಮೂರು ಕಡ್ಡಿ. ಎಂಟು ಗಂಟೆಗೆ ನನ್ನ ಅಂಕಣ ಕಳಿಸಿದೆ, ಎರಡು ನಿಮಿಷದ ಕೆಲಸ. ಮಾದೇಶನ ಅರ್ಜಿ ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಪರದೆಯಲ್ಲಿ, ಪಕ್ಕದಲ್ಲೇ ಇತ್ತು. ಅದನ್ನು ಸಮಾರಂಭಕ್ಕೆಂದು ಉಳಿಸಿಕೊಂಡೆ.

ಎರಡಕ್ಕೆ ಬರಬೇಕಾದ ಬೆಟ್ಟಸ್ವಾಮಿ ಕೋಟೆಯಿಂದ ಬಂದದ್ದು ಮೂರೂ ಐದಕ್ಕೆ. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ ಎಂದು ಅವರೇ ಅಂದರು. ಕಾಯಿ ಹಿಡಿದಿದ್ದ ಹಿರಿಯರು ಕೆಳಗಿಟ್ಟರು. ರಾಹುಕಾಲವನ್ನು ಗೇಲಿ ಮಾಡಿ ಮೂರು ಅಂಕಣ ಬರೆದವನು ನಾನು. ಮಾದೇಶ ನನ್ನ ಮುಖ ನೋಡಿದ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಒಪ್ಪುತ್ತಿದ್ದ. ನನ್ನ ಲೆಕ್ಕ ಬೇರೆ. ಹೊಲಕ್ಕೆ ಹೋದ ಹೆಂಗಸರು ನಾಲ್ಕೂವರೆಗೆ ಬರುತ್ತಾರೆ, ಶಾಲೆ ಬಿಡುತ್ತದೆ, ಜನ ಜಾಸ್ತಿ ಆಗುತ್ತಾರೆ. ಕಾಯೋಣ ಅಂದೆ.

ನಂಜಣ್ಣ ಒಬ್ಬನೇ ಪಕ್ಕಕ್ಕೆ ಕರೆದು ಎಚ್ಚರಿಸಿದ. ನಾಲ್ಕರ ಮೇಲೆ ಇಲ್ಲಿ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಟವರೂ ಮಲಗುತ್ತದೆ ಎಂದು ಟೀ ಅಂಗಡಿಯಲ್ಲಿ ಹೇಳಿದ್ದರಂತೆ. ನನ್ನ ಕಿವಿ ಆಗಲೇ ಹಾರಕ್ಕೆ ಸಿದ್ಧವಾಗಿತ್ತು, ಬೇರೆ ಏನೂ ಕೇಳಿಸಲಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಟವರಿಗೆ ಇರಲಿಲ್ಲ. ನಾಲ್ಕೂ ಮೂವತ್ತೈದಕ್ಕೆ ಕಾಯಿ ಒಡೆದರು. ಬೆಟ್ಟಸ್ವಾಮಿ ಗುಂಡಿ ಒತ್ತಿದರು. ಪರದೆ ಬೆಳ್ಳಗಾಯಿತು. ಸಂಪರ್ಕ ಇಲ್ಲ ಎಂದು ಬಂತು, ಇಂಗ್ಲಿಷಿನಲ್ಲಿ. ನೂರು ಜನ, ಹಾರ ಕತ್ತಿನಲ್ಲಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಅಲ್ಲಿ ಇಂಗ್ಲಿಷ್ ಓದುವವನು ನಾನೊಬ್ಬನೇ.

"ಹೋಯ್ತು" ಅಂದೆ.

ಚಪ್ಪಾಳೆ. ಸಣ್ಣತಾಯಮ್ಮ ಪಾತ್ರೆಯ ಕಡೆ ಕೈ ಮುಗಿದರು. ಆಮೇಲೆ ಐದರವರೆಗೆ, ಫೋಟೊ ತೆಗೆಸಿಕೊಳ್ಳುವ ನಡುವೆ, ಕದ್ದು ಕದ್ದು ಹದಿನಾಲ್ಕು ಸಲ ಒತ್ತಿದೆ. ಕರೆಂಟು ಬಂದದ್ದು ಐದೂ ಮುಕ್ಕಾಲಿಗೆ.

ನಿನ್ನೆ ವ್ಯಾನು ಓಡಿಸುತ್ತಾ ನಂಜಣ್ಣ ಹೇಳಿದ್ದು ಇಷ್ಟೇ. "ಬರೆಯೋವಾಗ ರಾವುಕಾಲನ ಆಡ್ಕತೀರ ಸಾ. ಕುಂತ್ಕಳೋದು ಮಾತ್ರ ಅದ್ರ ಮಡ್ಲಲ್ಲೇ."



೨೦ ಫೆಬ್ರವರಿ

ಮಾದೇಶನಿಗೆ ಹೇಳಬೇಕು. ನಾಳೆ.

೨ ಮಾರ್ಚ್, ಸೋಮವಾರ. ಹಾರನಹಳ್ಳಿ

ಹತ್ತು ದಿನ ಬರೆದಿಲ್ಲ. ಅಂಕಣ ಮಾತ್ರ ಬರೆದೆ. ಹೊಗೆಸೊಪ್ಪು ಹರಾಜಿನ ಬಗ್ಗೆ, ಟವೆಲ್ ಮರೆಯ ಸ್ನಾನದ ಬಗ್ಗೆ. ಜನ ನಕ್ಕರಂತೆ, ಸಂಪಾದಕರು ಫೋನ್ ಮಾಡಿ ಹೇಳಿದರು.

ಪ್ರಾಯೋಗಿಕ ಸಮಾಚಾರ: ಗ್ಯಾಸ್ ಮುಗಿಯುತ್ತ ಬಂತು. ಹಿಂದಿನ ಟೈರು ಸವೆದಿದೆ. ಡೇಟಾ ಕಾರ್ಡು ಇಲ್ಲಿ ಪಾತ್ರೆಯ ಹಂಗಿಲ್ಲದೆ ನಾಲ್ಕು ಕಡ್ಡಿ ಹಿಡಿಯುತ್ತದೆ. ಎಲ್ಲ ವ್ಯವಸ್ಥೆಯೂ ಸರಿ ಇದೆ. ಎಷ್ಟು ಸರಿ ಇದೆಯೆಂದರೆ ನೋಡಲು ಆಗುವುದಿಲ್ಲ.

ದಿನಕ್ಕೊಂದು ಮಿಸ್ಡ್ ಕಾಲ್. ಅಂತರಸಂತೆಯ ಟೀ ಅಂಗಡಿ ನಂಬರು. ಮಾದೇಶನೇ ಇರಬೇಕು. ಒಂದು ರಿಂಗು, ಕಟ್. ನಾನು ತಿರುಗಿ ಮಾಡಲಿ ಎಂದು. ಮಾಡಿಲ್ಲ. ವಯಸ್ಸು ಐವತ್ತೆರಡು, ಒಂದು ರಿಂಗಿಗೆ ಹೆದರಿ ಫೋನನ್ನು ದಿಂಬಿನ ಕೆಳಗಿಡುತ್ತಿದ್ದೇನೆ.

೯ ಮಾರ್ಚ್, ಸೋಮವಾರ. ಪಿರಿಯಾಪಟ್ಟಣ, ಬಸ್ ಸ್ಟ್ಯಾಂಡ್ ಹಿಂದೆ

ಮಧ್ಯಾಹ್ನ ಮಾದೇಶ ಬಂದ. ಎರಡು ಬಸ್ಸು ಬದಲಿಸಿ. ಹಳೇ ಆಂಬುಲೆನ್ಸ್ ಎಲ್ಲಿದೆ ಅಂತ ಕೇಳಿದನಂತೆ, ಸಲೀಸಾಗಿ ತೋರಿಸಿದರು.

ಉಳಿದವರಿಗೆ ಓಟದ ಪರೀಕ್ಷೆಯ ಪತ್ರ ಬಂದಿದೆಯಂತೆ. ೨೪ಕ್ಕೆ, ಮೈಸೂರಿನಲ್ಲಿ. ಇವನಿಗೆ ಬಂದಿಲ್ಲ. ಕೋಟೆಯಲ್ಲಿ ವಿಚಾರಿಸಿದರೆ ಅರ್ಜಿಯ ನಂಬರು ತನ್ನಿ ಅಂದರು. ಆ ನಂಬರು ಒಂದು ಕೊಟ್ಟರೆ ಹೋಗಿಬಿಡುತ್ತೇನೆ, ನಿಮಗೆ ತೊಂದರೆ ಕೊಡುವುದಿಲ್ಲ ಅಂದ. ತಿರುಗಿ ಫೋನ್ ಮಾಡಲಿಲ್ಲ ಯಾಕೆ ಅಂತ ಕೇಳಲೇ ಇಲ್ಲ.

ಹೇಳಿದೆ. ಬೆಳಿಗ್ಗೆ ಸಿಗ್ನಲ್ ಇದ್ದದ್ದು, ನನ್ನದು ಕಳಿಸಿಕೊಂಡದ್ದು, ಕಾಯೋಣ ಅಂದದ್ದು, ಹೋಯ್ತು ಅಂದದ್ದು. ಒಂದೂ ಬಿಡಲಿಲ್ಲ. ತಮಾಷೆ ಎಲ್ಲಿಯೂ ಸೇರಿಸಲಿಲ್ಲ. ಅಭ್ಯಾಸ ಬಲ, ಒಂದೆರಡು ಕಡೆ ಬಾಯಿಗೆ ಬಂತು, ನುಂಗಿದೆ.

ವ್ಯಾನಿನ ಆಂಬುಲೆನ್ಸ್ ಕಾಲದ ರೋಗಿಯ ಮಂಚದ ಮೇಲೆ ಮಾದೇಶ ಕೂತಿದ್ದ. ಕಾಲ ಬೆರಳು ನೋಡಿಕೊಳ್ಳುತ್ತಿದ್ದ. ನಂಜಣ್ಣ ಒಲೆ ಆರಿಸಿದ. ಬಯ್ಯಲಿ ಎಂದು ಕಾದೆ. ಬೈದಿದ್ದರೆ ಉಪಕಾರವಾಗುತ್ತಿತ್ತು.

"ಊರಲ್ಲಿ ಯಾರ್ಗೂ ಏಳ್ಬೇಡಿ ಸಾ" ಅಂದ.

ಯಾಕೆ ಅಂದೆ.

"ಅವತ್ತು ಊರೇ ಚಪ್ಪಾಳೆ ತಟ್ತು. ರಾವುಕಾಲ ಅಂದೋರು ಬೆಟ್ಟಸ್ವಾಮಣ್ಣ, ಕಾಯಿ ಇಡ್ಕಂಡಿದ್ದೋರು ನಮ್ಮ ದೊಡ್ಡಪ್ಪ. ಗೊತ್ತಾದ್ರೆ ಎಲ್ರೂ ತಲೆ ತಗ್ಗಿಸ್ಬೇಕು. ಓಡಕ್ಕೋದೆ, ಸೋತೆ ಅಂತೀನಿ ಬುಡಿ. ಒಬ್ನ ತಲೆ ಮೇಲೆ ಓಯ್ತದೆ."

ಊಟ ಮಾಡು ಅಂದೆವು. ಬಸ್ಸಿದೆ ಅಂದ. ನಂಜಣ್ಣ ಬಸ್ಸಿನ ತನಕ ಜೊತೆಗೆ ಹೋದ. ನಾನು ಹೋಗಲು ಎದ್ದೆ, ಚಪ್ಪಲಿ ಹುಡುಕುವ ನೆಪದಲ್ಲಿ ನಿಂತುಬಿಟ್ಟೆ.

೧೦ ಮಾರ್ಚ್

ಇಲಾಖೆಯ ಕಚೇರಿಗೆ ಫೋನ್ ಮಾಡಿದೆ. ಪತ್ರಿಕೆಯ ಹೆಸರು ಹೇಳಿದೆ, ನನ್ನ ಹೆಸರೂ ಹೇಳಿದೆ. ಆ ಕಡೆಯವರು ನನ್ನ ಓದುಗರಂತೆ, ಮರ್ಯಾದೆಯಿಂದ ಮಾತಾಡಿದರು. ಕೊನೆಯ ದಿನ ಅಂದರೆ ಕೊನೆಯ ದಿನವೇ ಸಾರ್ ಅಂದರು. ಅವರದು ಸರಿ. ಕೊನೆಗೆ, ಟವೆಲ್ ಸ್ನಾನದ ಅಂಕಣ ಬಹಳ ಚೆನ್ನಾಗಿತ್ತು ಅಂದರು. ಥ್ಯಾಂಕ್ಸ್ ಅಂದೆ. ಅದನ್ನೂ ಅಂದೆ.

೨೪ ಮಾರ್ಚ್, ಮಂಗಳವಾರ. ಕೆ.ಆರ್. ನಗರ

ಇವತ್ತು ಓಟ. ಮಾದೇಶ ಬೆಳಿಗ್ಗೆ ಊರಿನಿಂದ ಬಸ್ಸು ಹತ್ತಿರುತ್ತಾನೆ. ಹತ್ತಲೇಬೇಕಲ್ಲ. ಮೈಸೂರಿನಲ್ಲಿ ಎಲ್ಲಾದರೂ ಕೂತು ಸಂಜೆ ಮಾಡಿ, ಸೋತ ಮುಖ ಹೊತ್ತು ವಾಪಸು ಹೋಗುತ್ತಾನೆ.

ಅಂಕಣ ಕಳಿಸಲಿಲ್ಲ. ಬರೆಯಲು ಕೂತರೆ ಬರೀ ಜೋಕು ಬರುತ್ತದೆ.

೨೯ ಮಾರ್ಚ್, ಭಾನುವಾರ. ಅಂತರಸಂತೆ. ಸಂಜೆ ೫-೩೦

ಹೇಳಬೇಡಿ ಅಂದಿದ್ದ. ಆದರೂ ಬಂದೆ. ಅವನಿಗಾಗಿ ಬಂದೆನೋ, ನನ್ನ ಎದೆಯ ಭಾರ ಇಳಿಸಿಕೊಳ್ಳಲು ಬಂದೆನೋ, ಹುಡುಕಲು ಧೈರ್ಯವಿಲ್ಲ.

ಟೀ ಅಂಗಡಿಯಲ್ಲಿ ಮಾತು ನಡೆಯುತ್ತಿತ್ತು. ಬೆಟ್ಟಸ್ವಾಮಿ ಎಲ್ಲರಿಗಿಂತ ಜೋರು. "ಆನೆ ಅಟ್ತಾನೆ ಅಂತಿದ್ವಿ ಕಣ್ರೀ. ಆನೇನೇ ಇವ್ನ ಅಟ್ತಿತ್ತೋ ಏನೋ." ಎಲ್ಲರೂ ನಕ್ಕರು. ಮಾದೇಶ ಮೂಲೆಯ ಬೆಂಚಿನಲ್ಲಿದ್ದ. ಅವನೂ ನಕ್ಕ.

ಎದ್ದು ನಿಂತು ಹೇಳಿದೆ. ಅರ್ಜಿ ಹೋಗಲೇ ಇಲ್ಲ, ನಾನು ಸುಳ್ಳು ಹೇಳಿದೆ, ಮಾದೇಶನನ್ನು ಓಟಕ್ಕೆ ಯಾರೂ ಕರೆದೇ ಇಲ್ಲ ಎಂದು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಅಂಗಡಿಯೇ ನಕ್ಕಿತು. ಇಪ್ಪತ್ತು ವರ್ಷ ನಗಿಸಿದ ಬಾಯಿ, ನಿಜ ಹೇಳಿದರೂ ನಗು ಬರುತ್ತದೆ.

ನಗು ನಿಂತ ಮೇಲೆ ಬೆಟ್ಟಸ್ವಾಮಿ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. "ಬುಡಿ ಲಿಂಗರಾಜು ಸಾ. ಅವ್ನ ಮಾನ ಉಳ್ಸಕ್ಕೆ ತಪ್ಪು ನಿಮ್ ಮೇಲೆ ಆಕ್ಕತೀರ. ಯಾರ್ಗೈತೆ ಇಂತ ಮನ್ಸು. ಏ ಮಾದೇಶ, ನೋಡ್ಲಾ, ಕಲ್ಕೊ."

ಇಲ್ಲ ಅಂದೆ. ಆಣೆ ಇಟ್ಟೆ. ಹೇಳಿದಷ್ಟೂ ನಾನು ದೊಡ್ಡವನಾದೆ, ಅವನು ಸಣ್ಣವನಾದ. ಮಾದೇಶ ನನ್ನ ಕಡೆ ನೋಡಿ ಸಾಕು ಎಂಬಂತೆ ತಲೆ ಆಡಿಸಿ ಎದ್ದು ಹೋದ. ನಂಜಣ್ಣನೂ ಸಾಕ್ಷಿ ಹೇಳಿದ. ಯಜಮಾನನ ಅನ್ನ ತಿಂದವನು ಅವನ ಮಾತೇ ಆಡುತ್ತಾನೆ ಅಂದರು.

ನನ್ನ ಟೀಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಇದು ಯಾರೂ ಓದಬಾರದ ಪುಸ್ತಕ. ಆದರೆ ವ್ಯಾನಿನ ಹಿಂದಿನ ಬಾಗಿಲ ಬೀಗ ಸರಿಯಿಲ್ಲ, ಯಾರ ಕೈಗಾದರೂ ಸಿಗಬಹುದು. ಸಿಕ್ಕಿದವರಲ್ಲಿ ಒಂದು ಸಣ್ಣ ಕೆಲಸ. ಅಂತರಸಂತೆ ಕಡೆ ಹೋದರೆ ಇಲ್ಲಿ ಒಂದು ಟೀ ಕುಡಿಯಿರಿ. ಮಾದೇಶ ಓಟದಲ್ಲಿ ಸೋತ ಮಾತು ಬಂದೇ ಬರುತ್ತದೆ. ಅವನು ಓಡಲೇ ಇಲ್ಲ, ಅರ್ಜಿಯೇ ಹೋಗಿರಲಿಲ್ಲ ಅನ್ನಿ. ನನ್ನ ಹಾಗೆ ನಗಿಸುವವನೆಂಬ ಹೆಸರು ನಿಮಗಿಲ್ಲದಿದ್ದರೆ ಅವರು ನಂಬಬಹುದು. ಸ್ವಲ್ಪ ಗಟ್ಟಿಯಾಗಿ ಹೇಳಿ, ಸಣ್ಣತಾಯಮ್ಮನವರಿಗೆ ಕೇಳಿಸಲಿ. ಅಂಗಡಿಯ ಹಿಂದಿನ ಮನೆಯೇ. ನೀಲಿ ಬಾಗಿಲು. ನಾನು ಈಗ ಅಲ್ಲಿಯ ತನಕ ಹೋಗಿದ್ದೆ, ಆಕೆ ಬಾಗಿಲು ತೆಗೆದು, ಬನ್ನಿ ಸಾ, ನಮ್ಮೆಜಮಾನ್ರ ಪರವಾಗಿ ಮಾತಾಡುದ್ರಂತೆ ಅಂತ ಕಾಲು ಮುಟ್ಟಲು ಬಗ್ಗಿದರು. ಹೇಳದೆ ವಾಪಸು ಬಂದೆ.